ಬಲಗಡೆ ಬರೆಯದ ಕಿಣ್ವ

ಜೀವಕೋಶದ ಕ್ರಿಯೆಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಲು ವಿದ್ಯಾರ್ಥಿನಿ ಬರೆದಿದ್ದ ನಿಯಮಗಳನ್ನು ಅವಳು ತಿದ್ದುತ್ತಿದ್ದಳು. ಕ್ರಿಯೆಗೆ ಮುಂಚೆ ಜೀವಕೋಶದಲ್ಲಿ ಏನೇನಿತ್ತು ಎಂಬುದು ಎಡಗಡೆ, ಆಮೇಲೆ ಏನೇನು ಉಳಿಯಿತು ಎಂಬುದು ಬಲಗಡೆ.

"ಕ್ರಿಯೆ ಒಂದು ಸಲ ನಡೆದು ನಿಂತ್ಬಿಡುತ್ತೆ ಮೇಡಂ," ಎಂದಳು ಹುಡುಗಿ.

"ಕೆಲಸ ಮಾಡ್ಸೋ ಕಿಣ್ವಾನೇ ಬಲಗಡೆ ಬರ್ದಿಲ್ವಲ್ಲೇ. ಬರೀದಿದ್ರೆ ಅದು ಇಲ್ಲ ಅಂತಲೇ ಲೆಕ್ಕ, ಕಂಪ್ಯೂಟರು ಅಳಿಸಿಹಾಕುತ್ತೆ."

"ಅದು ಹೇಗಿತ್ತೋ ಹಾಗೇ ಇರುತ್ತಲ್ಲ ಮೇಡಂ, ಮತ್ಯಾಕೆ ಬರೀಬೇಕು ಅಂದ್ಕೊಂಡೆ."

ಅಷ್ಟರಲ್ಲಿ ಗಂಡನ ಫೋನ್ ಬಂತು. "ಹೊಸ ಮನೆ ಪ್ಲಾನ್ ಫೈನಲ್ ಆಯ್ತು ಕಣೇ. ಕೆಳಗಿನ ರೂಮು ಅಮ್ಮಂಗೆ, ಬಾಲ್ಕನಿ ಇರೋದು ಪುಟ್ಟಿಗೆ, ಮೂಲೇದು ನನ್ನ ಆಫೀಸಿಗೆ."

"ನಂಗೆ?"

"ನಿಂಗ್ಯಾಕೆ ಬೇರೆ ರೂಮು? ಇಡೀ ಮನೇನೇ ನಿಂದಲ್ವಾ!" ಅವನು ನಕ್ಕ. "ಬರ್ತಾ ಹಾಲು ತಗೊಂಡ್ಬಾ. ಆ ಪುಣೆಯವರು ಕರೆದಿರೋ ಕೆಲಸಕ್ಕೆ ಬರಕ್ಕಾಗಲ್ಲ ಅಂತ ಬರೆದ್ಯಾ?"

ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. "ಈಗ ಬರೀತೀನಿ," ಎಂದಳು.

ಸಂಜೆ ಅವಳು ಹಾಲಿನ ಪ್ಯಾಕೆಟ್ಟನ್ನು ಫ್ರಿಜ್ಜಿನಲ್ಲಿಡುವಾಗ ಅವನು ಮತ್ತೆ ಕೇಳಿದ.

"ಬರೆದೆ," ಎಂದಳು. ಬರುತ್ತೇನೆ ಎಂದು ಬರೆದದ್ದನ್ನು ಹೇಳಲಿಲ್ಲ.