ಹಗೇವಿನ ಬಾಯಿ

೧೯೭೩ನೇ ಇಸವಿ ಮೇ ೧೨, ಬೆಳಿಗ್ಗೆ ಏಳೂವರೆ. ಕೊಪ್ಪದ ಹಿತ್ತಿಲಲ್ಲಿ, ನಾಲ್ಕು ವರ್ಷದ ಹಿಂದೆ ತಳದಲ್ಲಿ ರಾಗಿ ಸುರಿದು ಮುಚ್ಚಿದ್ದ ನೆಲಗುಂಡಿ ಹಗೇವಿನ ಕಲ್ಲು ಸರಿಸಿದೊಡನೆ ಸಿದ್ದರಾಜು ಅದರ ಬಾಯಿಯೊಳಕ್ಕೆ ಕಾಲು ಇಳಿಬಿಟ್ಟು ಕೂತ. ತೆರೆದ ಹಗೇವನ್ನು ಒಂದು ದಿನ ಹಾಗೇ ಬಿಡುವುದು ವಾಡಿಕೆ. ಆದರೆ ಮೋಡ ಕಟ್ಟಿತ್ತು. ಒಳಗೆ ಕತ್ತಲೆಂದು ಅಕ್ಕ ಹೊಂಬಾಳಮ್ಮ ಹಗ್ಗ ಕಟ್ಟಿ ಲಾಟೀನು ಇಳಿಸಿದಳು. ಅದು ಆರಿಹೋಯಿತು.

“ಸೀಮೆಎಣ್ಣೆಗೆ ನೀರು ಬೆರೆಸವ್ನೆ ಕಣಕ್ಕ ಆ ಅಂಗಡಿಯೋನು! ಬುಡು, ಕತ್ತಲಲ್ಲೇ ಇಳೀತೀನಿ. ಮಳೆ ಬಿದ್ರೆ ರಾಗಿ ಮುಗ್ಗು ಹಿಡೀತದೆ.”

ಅವಳು ಲಾಟೀನನ್ನು ಮೇಲೆಳೆದು ಮತ್ತೆ ಹಚ್ಚಿದಳು. ಚೆನ್ನಾಗಿಯೇ ಉರಿಯಿತು.

“ನೀರಿದ್ರೆ ಇಲ್ಯಾಕ್ಲಾ ಉರೀತದೆ? ತಡಿ, ಇಳೀಬ್ಯಾಡ.”

ಈ ಸಲ ಅವಳು ನಿಧಾನವಾಗಿ ಇಳಿಸಿದಳು. ಸಿದ್ದರಾಜು ಬಗ್ಗಿ ನೋಡುತ್ತಿದ್ದ. ಬೆಳಕು ಅವನ ಮೊಣಕಾಲು ದಾಟಿತು, ಹಿಮ್ಮಡಿ ದಾಟಿತು, ಅಲ್ಲೇ ಕುಗ್ಗಿ ಆರಿತು. ಗಾಳಿ ಬೀಸಿರಲಿಲ್ಲ. ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ, ಅದು ಬಿಟ್ಟ, ದೀಪವನ್ನೂ ಮನುಷ್ಯನನ್ನೂ ಉಸಿರುಗಟ್ಟಿಸುವ ಭಾರದ ಗಾಳಿ ಗುಂಡಿಯಲ್ಲೇ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಸಿದ್ದರಾಜು ಕಾಲುಗಳನ್ನು ಮೇಲಕ್ಕೆ ಎಳೆದುಕೊಂಡ.

ರಾಗಿ ಇದ್ದದ್ದು ಒಂಬತ್ತು ಅಡಿ ಕೆಳಗೆ. ದೀಪ ಉರಿದದ್ದು ಎರಡು ಅಡಿಯವರೆಗೆ.