ಸೋಫಾದ ಮೇಲಿನ ಗಂಡ

ನನ್ನ ಗಂಡ ಬಸವಂತಪ್ಪ ದುಡಿಯುವುದು ಚಂದ್ರನ ಗಣಿಯಲ್ಲಿ, ಕಂಪನಿ ಕೊಟ್ಟ ದೇಹದೊಳಗೆ. ಸ್ವಂತ ದೇಹ ಹುಬ್ಬಳ್ಳಿಯ ನಮ್ಮ ಸೋಫಾದ ಮೇಲೆ ಬಿದ್ದಿರುತ್ತದೆ. ಪಾಳಿ ಮುಗಿಸಿ, ಲಾಗಿನ್ ಆಗಿ ಅದರೊಳಗೆ ಬಂದ ಮೇಲೂ ಅಲ್ಲೇ ಬಿದ್ದಿರುತ್ತದೆ. ಇವತ್ತು ಲಾಗಿನ್ ಆಗಲಿಲ್ಲವಂತೆ. ಫೋನಿನಲ್ಲೇ ಹಾರಾಡಿದ.

"ರೌಟರ್ ಮ್ಯಾಲೆ ಮತ್ತ ಹಪ್ಪಳ ಒಣಗಿಸಾಕ ಹಾಕೀಯೇನ? ನಿನಗ ಬುದ್ಧಿ ಯಾವಾಗ ಬರ್ತೈತಿ? ಆರಿಸಿ ಹಚ್ಚು."

"ಆರಿಸಿ ಹಚ್ಚೀನ್ರಿ. ಪರದೆ ಮ್ಯಾಲೆ 'ಒಳಗೆ ಈಗಾಗಲೇ ಒಬ್ಬರಿದ್ದಾರೆ' ಅಂತ ಬಂದೈತಿ."

"ಯಾಂವ ಅಂವಾ? ನನ್ನ ಮೈಯಾಗ ಏನ್ ಮಾಡಾಕತ್ತಾನ?"

"ಯಾರೋ ದಾರಿ ತಪ್ಪಿ ಬಂದಾರ. ಭಾಂಡೆ ತಿಕ್ಕಿದ್ರು, ಈಗ ಚಾ ಸೋಸಾಕತ್ತಾರ."

"ಒದ್ದು ಹೊರಗ ಹಾಕು!"

ಅಷ್ಟರಲ್ಲಿ ಅಡುಗೆಮನೆಯಿಂದ ಗಂಡನ ದನಿಯೇ ಕೇಳಿತು: "ಸಕ್ರೆ ಎಷ್ಟು ಹಾಕ್ಲಿ ಮೇಡಂ?"

ಮದುವೆಯಾದಂದಿನಿಂದ ಆ ಬಾಯಿ ಹಾಗೆ ಕೇಳಿದ್ದು ಇದೇ ಮೊದಲು. ಫೋನಿಟ್ಟು, ಪಾಸ್‌ವರ್ಡ್ ಬದಲಿಸಿದೆ.