ಡ್ರಮ್ಮಿನವನು ಕಡೆದ ಐಸ್‌ಕ್ರೀಮ್

ಆಂಪ್ಲಿಫೈಯರಿನ ಗುಂಡಿ ಒತ್ತಿದ್ದೇ ತಡ, ಐಸ್‌ಕ್ರೀಮ್ ಕಡೆಯುವ ಯಂತ್ರ ಒಮ್ಮೆ ನರಳಿತು, ಸುಟ್ಟ ವಾಸನೆ ಬಿಟ್ಟಿತು, ನಿಂತಿತು.

"ಒಂದೇ ಪ್ಲಗ್ಗಿಗೆ ಎರಡನ್ನೂ ಹಾಕಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ?" ಅಕ್ಕ ಸೌಟನ್ನು ಪಾತ್ರೆಗೆ ಕುಕ್ಕಿದಳು. "ನಾಲ್ಕು ಗಂಟೆಗೆ ಮಳಿಗೆ ಯಜಮಾನರು ಬರ್ತಾರೆ. ಗೊತ್ತು ತಾನೆ?"

ತಮ್ಮನಿಗೆ ಗೊತ್ತಿತ್ತು. ಅವನ ರಾಕ್ ಬ್ಯಾಂಡೂ ಅವಳ ಐಸ್‌ಕ್ರೀಮೂ ಮೂರು ವರ್ಷದಿಂದ ಮನೆಯ ಒಂದೇ ಗ್ಯಾರೇಜಿನಲ್ಲಿದ್ದವು. ಹಾಲು ಕಾಯುವಾಗ ಡ್ರಮ್ಮು, ಕೆನೆ ತಣಿಯುವಾಗ ಗಿಟಾರು. ಮುಖ್ಯರಸ್ತೆಯಲ್ಲಿ ಮಳಿಗೆಯೊಂದು ಖಾಲಿಯಾಗಿದೆ ಎಂದು ಕೇಳಿದಾಗ ಅವಳು ಮೊದಲು ನೆನೆದದ್ದು ಗಿರಾಕಿಗಳನ್ನಲ್ಲ, ಬಾಗಿಲು ಮುಚ್ಚಿದರೆ ಸದ್ದಿಲ್ಲದಿರುವ ಒಂದು ಕೋಣೆಯನ್ನು. ಆ ಮಳಿಗೆಗೆ ಇನ್ನೂ ನಾಲ್ವರು ಕಾದಿದ್ದರು. "ಕಡೆದ ಡಬ್ಬಿಯಿಂದಲೇ ತೆಗೆದು ಕೊಡಮ್ಮಾ, ರುಚಿ ನೋಡಿ ಹೇಳ್ತೀನಿ" ಎಂದಿದ್ದರು ಯಜಮಾನರು.

ಅಟ್ಟದಿಂದ ಹಳೆಯ ಕೈಯಂತ್ರ ಇಳಿಯಿತು. ಮರದ ಬಕೆಟ್ಟಿಗೆ ಐಸು, ಉಪ್ಪು. ನಡುವೆ ಕೆನೆ ತುಂಬಿದ ಡಬ್ಬಿ. ಹಿಡಿ ತಿರುಗಿಸಿ ತಿರುಗಿಸಿ ಅಕ್ಕನ ಮಣಿಕಟ್ಟು ಸೋತಿತು.

"ಕೊಡು ಇಲ್ಲಿ" ಎಂದ ತಮ್ಮ.

"ನಿಧಾನಕ್ಕೆ, ಒಂದೇ ಸಮ ತಿರುಗಿಸು. ಜೋರು ಮಾಡಿದ್ರೆ ಕೆನೆ ಬೆಣ್ಣೆ ಕಟ್ಟುತ್ತೆ."

"ಒಂದೇ ಸಮ ಅನ್ನೋದನ್ನ ಡ್ರಮ್ ಬಾರಿಸೋನಿಗೆ ಹೇಳಿಕೊಡ್ತೀಯಾ ಅಕ್ಕಾ?"

"ನಿನಗಲ್ಲದೆ ಇನ್ಯಾರಿಗೆ ಹೇಳ್ಲಿ!"

ಮೂಲೆಯಲ್ಲಿದ್ದ ಗಿಟಾರಿನವನು, ಉದ್ದ ಕೂದಲಿಗೆ ಎಲ್ಲರೂ ಜಡೆ ಎಂದೇ ಕರೆಯುವವನು, ಕಿಸಕ್ಕನೆ ನಕ್ಕ. ತಾಳಕ್ಕಿರಲಿ ಎಂದು ತಂತಿ ಮೀಟತೊಡಗಿದ. ಮೊದಲ ಚರಣದವರೆಗೂ ಎಲ್ಲ ಸರಿಯಾಗಿಯೇ ಇತ್ತು. ಅಕ್ಕ ಬಟ್ಟಲು ತೊಳೆಯಲು ಒಳಗೆ ಹೋದಳು. ಪಲ್ಲವಿ ಬಂದಾಗ ತಮ್ಮನ ಕಣ್ಣು ಮುಚ್ಚಿತು, ಕತ್ತು ಕುಣಿಯಿತು, ಬಕೆಟ್ಟೂ ಕುಣಿಯಿತು. ಐಸು ನೆಲದ ಮೇಲೆ ಚೆಲ್ಲಾಡುವ ಸದ್ದಿಗೆ ಅವಳು ಓಡಿಬರುವುದಕ್ಕೂ ಯಜಮಾನರು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಹತ್ತು ನಿಮಿಷ ಮೊದಲೇ ಬಂದಿದ್ದರು.

ಮುಚ್ಚಳ ತೆಗೆದರೆ ಕೆನೆಯ ತುಂಬ ಹಳದಿ ಕಾಳು. ಬೆಣ್ಣೆ.

"ನಿನ್ನ ತಾಳಕ್ಕಿಷ್ಟು ಬೆಂಕಿ ಹಾಕ" ಎಂದು ಹಲ್ಲು ಕಚ್ಚಿ ಹೇಳಿ, ಅಕ್ಕ ಯಜಮಾನರ ಕಡೆ ತಿರುಗಿದಳು. "ಇವತ್ತಿನದು ಕೆಟ್ಟಿದೆ ಸಾರ್. ಒಂದೇ ನಿಮಿಷ." ಅಡುಗೆಮನೆಯ ಫ್ರಿಜ್ಜಿನಿಂದ ನಿನ್ನೆಯ ಡಬ್ಬಿ ತಂದಳು. ಬಿಳುಪು, ನುಣುಪು, ಹುಡುಕಿದರೂ ಒಂದು ಕಾಳಿಲ್ಲ. ಮೂರು ವರ್ಷದಲ್ಲಿ ಕಲಿತದ್ದೆಲ್ಲ ಅದರಲ್ಲಿತ್ತು.

ಅವರು ಎರಡು ಚಮಚ ತಿಂದರು. "ಚೆನ್ನಾಗಿದೆ. ಎಲ್ಲ ಕಡೆ ಸಿಗೋ ಹಾಗೇ ಇದೆ" ಎಂದು ಡಬ್ಬಿಯನ್ನು ಪಕ್ಕಕ್ಕಿಟ್ಟರು. ಇಷ್ಟು ದೂರ ಬಂದದ್ದಕ್ಕೋ ಏನೋ, ಕೆಟ್ಟದ್ದರೊಳಕ್ಕೂ ಚಮಚ ಇಳಿಸಿದರು. ತಿಂದರು. ಮತ್ತೊಮ್ಮೆ ತಿಂದರು. ಮೂರನೆಯ ಸಲಕ್ಕೆ ಡ್ರಮ್ಮಿನ ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

"ಇದೇನಮ್ಮಾ ಇದು? ನಾಲಿಗೆಗೆ ಕಾಳು ಸಿಕ್ಕಿ ಸಿಕ್ಕಿ ಕರಗುತ್ತಲ್ಲ!"

"ತಪ್ಪಾಗಿರೋದು ಸಾರ್. ಇವನು ಹಾಡಿಗೆ ತಿರುಗಿಸಿಬಿಟ್ಟ."

"ಯಾರಾದ್ರೂ ತಿರುಗಿಸಲಿ. ಬೀಗದ ಕೈ ನಾಳೆ ಕಳಿಸ್ತೀನಿ. ಆದ್ರೆ ಒಂದು ಮಾತು. ಮಾರೋದು ಇದನ್ನೇ, ಕಡೆಯೋದು ಈ ಹುಡುಗನೇ."

"ನಾನೇ ಅಭ್ಯಾಸ ಮಾಡ್ಕೊಳ್ತೀನಿ ಸಾರ್."

"ನಿನ್ನ ಕೈಗೆ ಇಂಥದ್ದು ಬರಲ್ಲಮ್ಮಾ" ಎಂದರು ಅವರು, ಹೊಗಳುವವರ ಹಾಗೆ.

ಅವರ ಕಾರು ಹೋಯಿತು. ಜಡೆ ಬ್ಯಾಂಡಿನ ಉಳಿದವರಿಗೆ ಫೋನಿನಲ್ಲಿ ಕೂಗಿ ಕೂಗಿ ಸುದ್ದಿ ಹೇಳುತ್ತಿದ್ದ. ಅಕ್ಕ ಪಕ್ಕಕ್ಕಿಟ್ಟಿದ್ದ ನಿನ್ನೆಯ ಡಬ್ಬಿ ಎತ್ತಿಕೊಂಡು, ಒಂದು ಚಮಚ ಬಾಯಿಗೆ ಹಾಕಿ, ಎಲ್ಲಾದರೂ ತಪ್ಪು ಸಿಗುತ್ತದೆಯೇ ಎಂದು ಕಣ್ಣು ಮುಚ್ಚಿ ಹುಡುಕಿದಳು. ಸಿಗಲಿಲ್ಲ.

ಕಣ್ಣು ಬಿಟ್ಟಾಗ ತಮ್ಮ ಅಳತೆಯ ಟೇಪು ಹಿಡಿದು ಡ್ರಮ್ಮಿನ ಅಗಲ ನೋಡುತ್ತಿದ್ದ.

"ಅಕ್ಕಾ, ಇದನ್ನ ಮಳಿಗೆಯ ಬಾಗಿಲ ಹತ್ರಾನೇ ಇಡೋಣ. ಒಳಗೆ ನಿನಗೂ ಒಂಚೂರು ಜಾಗ ಉಳಿಯುತ್ತೆ, ಅಲ್ವಾ?"